ಪಟ್ಟಿಯಲ್ಲಿಲ್ಲದ ದುಭಾಷಿ

ಆ ಚೀಟಿಯನ್ನು ಓದುವುದಕ್ಕೆ ಮೊದಲು ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ಮೂಸಿದೆ. ಚಹಾದ ನೀರಿನಲ್ಲಿ ಅದ್ದಿ ಹಳೆಯದಾಗಿಸಿದ ಕಾಗದಕ್ಕೆ ಒಂದು ವಾಸನೆ ಇರುತ್ತದೆ. ಇದಕ್ಕೆ ಇರಲಿಲ್ಲ. ಎದುರಿಗೆ ಕೂತಿದ್ದ ಮನುಷ್ಯ ನಾನು ಮಾಡುವುದನ್ನೆಲ್ಲ ಸುಮ್ಮನೆ ನೋಡುತ್ತಿದ್ದ. ಯಾರೂ ಹೇಳದಿದ್ದರೂ ಎರಡೂ ಅಂಗೈಗಳನ್ನು ಕಾಣುವ ಹಾಗೆ ಮೇಜಿನ ಮೇಲೆ ಇಟ್ಟಿದ್ದ. ಅದು ನನಗೆ ಹಿಡಿಸಲಿಲ್ಲ. ಪೊಲೀಸರ ಮುಂದೆ ಕೂತು ರೂಢಿಯಿದ್ದವರು ಹಾಗೆ ಕೂರುತ್ತಾರೆ ಎಂದುಕೊಂಡೆ.

ಯುದ್ಧ ಮುಗಿದ ಮರುವರ್ಷದ ಮಾತು ಇದು. ಪುಣೆಯ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದಿನ ವರಾಂಡಕ್ಕೆ ಹಲಗೆ ಹೊಡೆದು ನಮ್ಮ ವಿಭಾಗ ಮಾಡಿದ್ದರು. ಯುದ್ಧದಲ್ಲಿ ದುಡಿದೆವು, ಆದರೆ ಕಾಗದಪತ್ರ ಕಳೆದುಹೋದವು ಎನ್ನುವವರೆಲ್ಲ ಅಲ್ಲಿಗೆ ಬರುತ್ತಿದ್ದರು. ಸಿಪಾಯಿಗಳು, ಅಡಿಗೆಯವರು, ಹೇಸರಗತ್ತೆ ನಡೆಸಿದವರು, ಡೋಲಿ ಹೊತ್ತವರು. ಅವರು ತಂದ ಕಾಗದ ಖರೆಯೋ ಖೋಟಿಯೋ ನೋಡಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಅದರ ಮೇಲೆ ಮೇಜರ್ ಸಾಹೇಬರ ಸಹಿ ಬಿದ್ದರೆ ಮುಗಿಯಿತು. ರೈಲ್ವೆ ಸ್ಟೇಷನ್ ಹತ್ತಿರದ ಓಣಿಯಲ್ಲಿ ಇಂಥ ಚೀಟಿ ಬರೆದುಕೊಡುವವರೇ ಇದ್ದಾರೆಂಬ ಸುದ್ದಿ ಇತ್ತು. ಚಪ್ಪಲಿಯ ರಬ್ಬರು ಕೊರೆದು ಮಾಡಿದ ಮೊಹರುಗಳನ್ನು ನಾನೇ ನಾಲ್ಕಾರು ಬಾರಿ ಹಿಡಿದಿದ್ದೆ. ಅಕ್ಷರದ ಅಂಚಿನಲ್ಲಿ ಮಸಿ ಉಬ್ಬಿರುತ್ತದೆ; ಕಣ್ಣು ಪಳಗಿದರೆ ತಕ್ಷಣ ಕಾಣುತ್ತದೆ.

ನಮ್ಮ ಹೆಡ್‌ಕ್ಲಾರ್ಕರು ಬೆಳಗಾವಿ ಕಡೆಯವರು, ನಾನು ಧಾರವಾಡದವನು. ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದರು: “ಮಂದಿ ಮಾರಿ ನೋಡಬ್ಯಾಡ್ರಿ, ಕಾಗದದ ಮಾರಿ ನೋಡ್ರಿ. ಮಂದಿ ಅಳತಾರ. ಕಾಗದ ಅಳೋದಿಲ್ಲ.” ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದರೆ ಉಳಿದ ಗುಮಾಸ್ತರು ಕಿವಿ ನಿಮಿರಿಸುತ್ತಿದ್ದರು. ಇವರೇನೋ ಒಳಸಂಚು ನಡೆಸಿದ್ದಾರೆ ಎಂಬ ಅನುಮಾನ. ಆ ಕಚೇರಿಯ ಗಾಳಿಯೇ ಹಾಗಿತ್ತು.

ಚೀಟಿ ಸೈನ್ಯದ ಸಂದೇಶ ಬರೆಯುವ ಹಾಳೆಯ ಬೆನ್ನ ಮೇಲೆ ಇತ್ತು. ನೀರು ತಾಗಿದರೆ ನೇರಳೆಯಾಗುವ ಪೆನ್ಸಿಲ್ಲಿನ ಬರಹ. ಇಂಗ್ಲಿಷಿನಲ್ಲಿ ನಾಲ್ಕು ಮಾತು: ಈತ ನನ್ನ ಕಂಪನಿಯ ದುಭಾಷಿ, ನಂಬಿಗಸ್ತ, ಇವನನ್ನು ತಡೆಯಬಾರದು, ಬೇಕಾದ ನೆರವು ಕೊಡತಕ್ಕದ್ದು. ಕೆಳಗೆ ಒಬ್ಬ ಕ್ಯಾಪ್ಟನ್ನನ ಸಹಿ, ಪಲಟಣದ ಹೆಸರು, ತಾರೀಖು.

ನಾನು ಹಿಂದುಸ್ತಾನಿಯಲ್ಲಿ ವಿಚಾರಿಸಿದೆ. ಆತ ಅರಕಾನದವನು, ಬರ್ಮಾದ ಪಡುವಣ ಕರಾವಳಿ. ವಯಸ್ಸು ನಲವತ್ತರ ಸುಮಾರು. ದೋಣಿಯಲ್ಲಿ ಅಕ್ಕಿ, ಉಪ್ಪು ಹಾಕಿಕೊಂಡು ನದಿಯ ಎರಡೂ ದಂಡೆಯ ಹಳ್ಳಿಗಳಲ್ಲಿ ಮಾರುತ್ತಿದ್ದವನು. ಹಾಗಾಗಿ ಅಲ್ಲಿಯ ಮೂರು ಭಾಷೆ, ಜೊತೆಗೆ ಹಿಂದುಸ್ತಾನಿ ಬರುತ್ತಿತ್ತು. ನಮ್ಮ ಸೈನ್ಯ ಆ ದಂಡೆಗೆ ಬಂದಾಗ ಕ್ಯಾಪ್ಟನ್ ಸಂತೆಯಲ್ಲಿ ನಿಂತು, ಹಿಂದುಸ್ತಾನಿ ಬಲ್ಲವರು ಯಾರಿದ್ದೀರಿ ಎಂದು ಕೇಳಿದ್ದ. ಈತ ಮುಂದೆ ಬಂದ.

“ಭರ್ತಿ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡರೇ? ನಂಬರು ಕೊಟ್ಟರೇ?” ಎಂದೆ.

“ಇಲ್ಲ. ಸಾಹೇಬರು ಕೈ ಕುಲುಕಿದರು.”

“ಈಗ ನಿನಗೆ ಏನು ಬೇಕು?”

“ಇಲ್ಲಿ ಇರುವುದಕ್ಕೆ ಅಪ್ಪಣೆ. ಹಿಂದಕ್ಕೆ ಕಳಿಸಬೇಡಿ.”

ಬರ್ಮಾ ಬೇರೆ ದೇಶವಾಗಿ ಎಷ್ಟೋ ವರ್ಷವಾಗಿತ್ತು. ಯುದ್ಧಕಾಲದಲ್ಲಿ ಬಂದು ಉಳಿದವರನ್ನು ಹಡಗು ಹತ್ತಿಸಿ ವಾಪಸು ಕಳಿಸುವ ಕೆಲಸ ಆಗ ನಡೆದಿತ್ತು. ಆತನ ಊರಿನಲ್ಲಿ ಜಪಾನಿಯರ ಕಡೆ ನಿಂತಿದ್ದವರು, ನಮ್ಮ ಪಲಟಣ ಹಿಂದೆ ಸರಿದ ವಾರದಲ್ಲೇ, ಅವನ ಅಣ್ಣನನ್ನು ಕೊಂದು ಮನೆ ಸುಟ್ಟಿದ್ದರಂತೆ. ಅವರೆಲ್ಲ ಇನ್ನೂ ಅಲ್ಲೇ ಇದ್ದಾರಂತೆ. ಅವನು ಸೈನ್ಯದ ಹಿಂದೆಯೇ ಗಡಿ ದಾಟಿ ಇತ್ತ ಬಂದಿದ್ದ. ತಂಗಿ ಬರೆದ ಪತ್ರವೊಂದನ್ನು ತೋರಿಸಿದ. ನನಗೆ ಗುರುತಿಲ್ಲದ ದುಂಡು ದುಂಡಾದ ಲಿಪಿ. ಏನು ಬರೆದಿದೆ ಎಂದು ಕೇಳಿದೆ. “ಬರಬೇಡ ಅಂತ ಇದೆ,” ಎಂದ. ಆ ಪತ್ರವನ್ನು ಓದಿ ಹೇಳಬಲ್ಲವರು ಇಡೀ ಕಚೇರಿಯಲ್ಲಿ ಅವನೊಬ್ಬನೇ. ಅವನ ದಾವೆಗೆ ಅವನದೇ ಅನುವಾದ ನಡೆಯುವಂತಿರಲಿಲ್ಲ. ನಾನು ಅದನ್ನು ಮಡಿಚಿ ವಾಪಸು ಕೊಟ್ಟೆ.

ಮುಂದಿನದು ಪದ್ಧತಿಯ ಕೆಲಸ. ಪಲಟಣದ ಹಾಜರಿ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಊರವರಲ್ಲೇ ಹಾಗೆ ಗೊತ್ತುಮಾಡಿಕೊಂಡ ದುಭಾಷಿಗಳ ಹೆಸರು ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ, ಆದ್ದರಿಂದ ಚೀಟಿ ಖೋಟಿ ಎನ್ನಲು ಅದೊಂದೇ ಸಾಲದು. ಸತ್ತವರ ಪಟ್ಟಿ ತರಿಸಿದೆ. ಕ್ಯಾಪ್ಟನ್ನನ ಹೆಸರು ಸಿಕ್ಕಿತು. ಗಸ್ತಿನ ಮೇಲೆ ಹೋದಾಗ ಶತ್ರುಗಳ ಹೊಂಚಿಗೆ ಸಿಕ್ಕಿ ಹತನಾದ ಎಂದು ಬರೆದಿತ್ತು. ಚೀಟಿಯ ತಾರೀಖು ಆ ದಿನಕ್ಕಿಂತ ಎರಡು ದಿನ ಈಚಿನದು.

ನನಗೆ ಖುಷಿಯಾಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ. ಸತ್ತವನ ಕೈಯಲ್ಲಿ ಚೀಟಿ ಬರೆಸಿದ್ದಾರೆ, ಕಾಗದ ಪೆನ್ಸಿಲು ಎಲ್ಲ ಸರಿಯಾಗಿ ಹೊಂದಿಸಿ ತಾರೀಖಿನಲ್ಲಿ ಎಡವಿದ್ದಾರೆ ಎಂದು. ಮರುದಿನ ಅವನನ್ನು ಕರೆಸಿ, ಕ್ಯಾಪ್ಟನ್ ಸತ್ತದ್ದು ಯಾವಾಗ ಎಂದು ಕೇಳಿದೆ.

“ಚೀಟಿ ಬರೆದ ಮರುದಿನ ಬೆಳಿಗ್ಗೆ. ಗಾಯಾಳುಗಳ ಡೇರೆಯಲ್ಲಿ.”

“ಪಟ್ಟಿಯಲ್ಲಿ ಬೇರೆ ಇದೆ.”

“ಪಟ್ಟಿ ಬರೆದವರು ಅಲ್ಲಿ ಇರಲಿಲ್ಲ.”

ಅದನ್ನು ಉದ್ಧಟತನ ಎಂದುಕೊಂಡೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವನು ಮುಂದಿನದನ್ನು ಹೇಳುತ್ತಿದ್ದ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ಅವನ ರೂಢಿ. ಬೇರೆಯವರ ಮಾತನ್ನು ದಾಟಿಸಿ ದಾಟಿಸಿ, ತನ್ನದನ್ನು ಸೇರಿಸಬಾರದು ಎಂಬುದು ಅವನ ನಾಲಿಗೆಗೆ ಹತ್ತಿಬಿಟ್ಟಿತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ನಾನು “ಚೀಟಿ ಖೋಟಿ” ಎಂದು ಟಿಪ್ಪಣಿ ಬರೆದೆ. ಸಾಹೇಬರು ಸಹಿ ಹಾಕಿದರು. ಹಡಗು ಗೊತ್ತಾಗುವ ತನಕ ಅವನನ್ನು ಯೆರವಡಾ ಜೈಲಿನ ಒಂದು ಬರಾಕಿನಲ್ಲಿ ಇಡಬೇಕೆಂದು ಆದೇಶವಾಯಿತು. ಪೊಲೀಸರು ಬಂದಾಗ ಅವನು ತಕರಾರು ಮಾಡಲಿಲ್ಲ. ಚೀಟಿಯನ್ನು ವಾಪಸು ಕೊಡುತ್ತೀರಾ ಎಂದು ಮಾತ್ರ ಕೇಳಿದ. ಫೈಲಿನಲ್ಲಿ ಇರಬೇಕಾಗುತ್ತದೆ ಎಂದೆ.

ಸಾಹೇಬರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇಷ್ಟು ಚೊಕ್ಕಟ ಚೀಟಿ ಬರೆದವರು ಯಾರು, ಪಲಟಣದ ಒಳಗಿನ ಸುದ್ದಿ ಅವರಿಗೆ ಕೊಟ್ಟವರು ಯಾರು ಎಂದು ಪತ್ತೆ ಹಚ್ಚಲು ನನಗೇ ಹೇಳಿದರು. ಆ ಕಂಪನಿಯಲ್ಲಿದ್ದು ಪುಣೆಯಲ್ಲಿ ಸಿಗುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಒಬ್ಬ ಹವಾಲ್ದಾರ ಇದ್ದ. ಕಾಲು ಕಳೆದುಕೊಂಡು ಖಡಕಿಯಲ್ಲಿ, ಅಂಗಹೀನರಾದ ಸಿಪಾಯಿಗಳಿಗೆ ಕಸುಬು ಕಲಿಸುವ ಶಾಲೆಯಲ್ಲಿ ಇದ್ದ.

ಸೈಕಲ್ ಮೇಲೆ ಹೋದೆ. ಹವಾಲ್ದಾರ ಒಂದು ಗಿಡದ ನೆರಳಲ್ಲಿ ಸ್ಟೂಲಿನ ಮೇಲೆ ಕೂತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ಎಡಗಾಲು ತೊಡೆಯಿಂದ ಕೆಳಗೆ ಇಲ್ಲ. ಮೊದಲು ಮರಾಠಿಯಲ್ಲಿ ಮಾತಾಡಿದ. ನನ್ನ ಉಚ್ಚಾರ ಕೇಳಿ ಬೆತ್ತ ಕೆಳಗಿಟ್ಟ.

“ಧಾರವಾಡ ಕಡೆಯವರೇನ್ರೀ?”

“ಹೌದ್ರಿ. ನೀವು?”

“ಖಾನಾಪುರದ ಹಂತೇಲೆ ನಮ್ಮೂರು. ಕೂಡ್ರಿ, ಕೂಡ್ರಿ. ಕನ್ನಡ ಕೇಳಿ ಭಾಳ ದಿನಾ ಆತು.”

ಅರಕಾನದ ದುಭಾಷಿಯೊಬ್ಬ ನಿಮ್ಮ ಕಂಪನಿಯಲ್ಲಿ ಇದ್ದನೇ ಎಂದು ಕೇಳಿದೆ. ಅವನ ಮುಖ ಬಿಗಿದುಕೊಂಡಿತು.

“ಇದ್ದಾ. ಅಂವ ಜೀವಂತ ಇದ್ದಾನೇನ್ರೀ?”

“ಯೆರವಡಾದಾಗ ಇದ್ದಾನ.”

“ಅಲ್ಲೇ ಇರಬೇಕು ಅಂಥಾವ.”

ಅವನು ಹೇಳಿದ್ದನ್ನು ನಾನು ಅಲ್ಲಿಯೇ ಹೇಳಿಕೆಯಾಗಿ ಬರೆದುಕೊಂಡೆ. ಎಂಟು ಜನರ ಗಸ್ತು. ದಾರಿ ತೋರಿಸುತ್ತ ದುಭಾಷಿ ಮುಂದೆ ನಡೆದಿದ್ದ. ಹಳ್ಳದ ತಿರುವಿನಲ್ಲಿ ಎರಡೂ ಕಡೆಯಿಂದ ಗುಂಡು ಬಂದವು. ಆರು ಮಂದಿ ಅಲ್ಲಿಯೇ ಸತ್ತರು. ಕ್ಯಾಪ್ಟನ್ನನಿಗೆ ಹೊಟ್ಟೆಗೆ, ಹವಾಲ್ದಾರನಿಗೆ ಮೊಣಕಾಲಿಗೆ ಪೆಟ್ಟಾಯಿತು.

“ಅಂವಗ ಮಾತ್ರ ಮೈಮ್ಯಾಲೆ ಒಂದು ಗೀರಿಲ್ಲ ನೋಡ್ರಿ. ಹೆಂಗಂತೀನಿ. ಮೊದಲ ಗೊತ್ತಿದ್ದಾಂವಗ ಅಷ್ಟಽ ಹಂಗ ಆಗ್ತದ.”

“ಆಮ್ಯಾಲೆ?”

“ನಮ್ಮಿಬ್ಬರನ್ನೂ ಜಗ್ಗಿ ಹಳ್ಳದ ಪೊದಿಯೊಳಗ ಹಾಕಿದಾ. ರಾತ್ರಿ, ಮರುದಿನಾ ಹಗಲೆಲ್ಲಾ ಅಲ್ಲೇ ಬಿದ್ದಿವಿ. ಸುತ್ತೆಲ್ಲಾ ವೈರಿ ಮಂದಿ. ಸಂಜಿ ಕತ್ತಲಾದ ಮ್ಯಾಲೆ ಸಾಹೇಬರನ್ನ ಬೆನ್ನ ಮ್ಯಾಲೆ ಹೊತಗೊಂಡಾ. ಇವರನ್ನ ಮುಟ್ಟಿಸಿ ನಿನ್ನ ಒಯ್ಯಾಕ ಬರ್ತೀನಿ ಅಂದಾ. ಸಾಹೇಬರು ತಮ್ಮ ನೀರಿನ ಬಾಟ್ಲಿ ನನಗ ಕೊಟ್ರು. ಅಂವ ಹೋದಾಂವ ಹೋದಾ. ಮತ್ತೊಂದು ರಾತ್ರಿ, ಒಂದು ಹಗಲು ನಾ ಒಬ್ಬನ ಬಿದ್ದಿದ್ದೆ. ಕಾಲಾಗ ಹುಳಾ ಬಿದ್ವು. ಯಾವುದೋ ಪಂಜಾಬಿ ಪಲಟಣದ ಡೋಲಿಯವರು ಬಂದು ಒಯ್ದ್ರು. ಅಂವ ಬರಲಿಲ್ಲ.”

ಬರೆದದ್ದನ್ನು ಓದಿ ಹೇಳಿದೆ. ಹವಾಲ್ದಾರ ಮರಾಠಿಯ ಹಳೆಯ ಮೋಡಿ ಅಕ್ಷರದಲ್ಲಿ ಸಹಿ ಹಾಕಿದ. “ಅಂವನ್ನ ಗಲ್ಲಿಗೆ ಹಾಕ್ತಾರೇನ್ರೀ?” ಎಂದ.

“ಇಲ್ರಿ. ಹಡಗು ಹತ್ತಿಸಿ ಅವನ ಊರಿಗೆ ಕಳಿಸ್ತಾರ.”

“ಅಲ್ಲಿ ಯಾರರ ಹಾಕ್ತಾರ ಬಿಡ್ರಿ,” ಎಂದು ಬೆತ್ತ ಕೈಗೆ ತೆಗೆದುಕೊಂಡ.

ಖೋಟಿ ಚೀಟಿಯ ಮೇಲೆ ದ್ರೋಹದ ಆಪಾದನೆಯೂ ಸಿಕ್ಕಿತು ಎಂದು ಹುರುಪಿನಿಂದ ಸೈಕಲ್ ತುಳಿದೆ. ನದಿಯ ಸೇತುವೆಯ ಮೇಲೆ ಬಂದಾಗ ಎದುರಿನಿಂದ ಎತ್ತಿನ ಗಾಡಿಗಳ ಸಾಲು ಬಂತು. ಕಟ್ಟೆಗೆ ಕಾಲು ಕೊಟ್ಟು ನಿಂತೆ. ಆ ಹೇಳಿಕೆಯನ್ನು ಮನಸ್ಸಿನಲ್ಲೇ ಟಿಪ್ಪಣಿಯ ಭಾಷೆಗೆ ತಿರುಗಿಸುತ್ತ ಇದ್ದೆ. ಹೊಂಚು ನಡೆದ ದಿನ, ಅದರ ರಾತ್ರಿ, ಮರುದಿನ ಹಗಲು, ಮರುದಿನ ಸಂಜೆ. ಮರುದಿನ ಸಂಜೆ ಕ್ಯಾಪ್ಟನ್ ನೀರಿನ ಬಾಟಲಿ ಕೊಟ್ಟ. ಪಟ್ಟಿಯ ಪ್ರಕಾರ ಅವನು ಸತ್ತು ಆಗ ಒಂದು ದಿನವಾಗಿತ್ತು.

ಗಾಡಿಗಳು ದಾಟಿ ಹೋದವು. ನಾನು ಇನ್ನೂ ನಿಂತೇ ಇದ್ದೆ. ದುಭಾಷಿಯನ್ನು ಕಂಡರಾಗದ ಮನುಷ್ಯನೇ ದುಭಾಷಿಯ ಮಾತಿಗೆ ಸಾಕ್ಷಿ ನುಡಿದಿದ್ದ. ಅದು ಅವನಿಗೂ ಗೊತ್ತಾಗಿರಲಿಲ್ಲ, ಬರೆದುಕೊಂಡ ನನಗೂ ಗೊತ್ತಾಗಿರಲಿಲ್ಲ.

ಕಚೇರಿಗೆ ಬಂದು ಹೆಡ್‌ಕ್ಲಾರ್ಕರಿಗೆ ಹೇಳಿಕೆ ತೋರಿಸಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

“ಹವಾಲ್ದಾರ ನೋವಿನಾಗ ದಿನಾ ತಪ್ಪಿ ಹೇಳಿರಬೇಕು. ಕಾಲು ಕೊಳೀಲಿಕ್ಕೆ ಹತ್ತಿದಾಂವಗ ಇವತ್ತು ಯಾವುದು, ನಿನ್ನಿ ಯಾವುದು?”

“ಎಲ್ಲಾ ಸರಿಯಾಗೇ ಹೇಳ್ಯಾನ್ರಿ.”

“ಸಾಹೇಬ್ರು ಕೇಳಿದ್ದು ಚೀಟಿ ಎಲ್ಲಿ ತಯಾರಾತು ಅಂತ. ಕ್ಯಾಪ್ಟನ್ ಯಾವಾಗ ಸತ್ತಾ ಅಂತ ಅಲ್ಲ. ಆ ಎರಡು ಸಾಲು ಬಿಟ್ಟು ಪ್ರತಿ ಮಾಡ್ರಿ. ನಿಮ್ಮ ಟಿಪ್ಪಣಿ ಮ್ಯಾಲೆ ಅವರ ಸಹಿ ಅದ. ನಿಮ್ಮದು ತಪ್ಪಾದ್ರ ಅವರದೂ ತಪ್ಪಾಗ್ತದ. ತಿಳೀತಿಲ್ಲೋ?”

ಅವರು ಕೆಟ್ಟ ಮನುಷ್ಯ ಅಲ್ಲ. ನನ್ನ ಸಂಸಾರದ ಚಿಂತೆ ಅವರಿಗೂ ಇತ್ತು. ಯುದ್ಧಕ್ಕಾಗಿ ತೆಗೆದುಕೊಂಡಿದ್ದ ಗುಮಾಸ್ತರನ್ನು ಆಗಲೇ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದರು. ಆ ಎರಡು ಸಾಲು ಬಿಡುವುದು ನಾನು ಎಣಿಸಿದ್ದಕ್ಕಿಂತ ಸುಲಭವಿತ್ತು. ಬಿಳಿ ಹಾಳೆ ಟೈಪ್‌ರೈಟರಿಗೆ ಹಾಕಿದೆ, ಮೇಲಿನ ಭಾಗ ಹೊಡೆದೆ, ಕ್ಯಾಪ್ಟನ್ನನ ಮಾತು ಬರುವ ಕಡೆ ಕೈ ನಿಂತಿತು. ಹಾಳೆ ತೆಗೆದು ಹರಿದು ಹಾಕಿದೆ. ಧೈರ್ಯ ಬಂತೆಂದಲ್ಲ. ಹವಾಲ್ದಾರ ಸುಳ್ಳು ಹೇಳಿದನೋ, ಪಟ್ಟಿ ಸುಳ್ಳು ಹೇಳಿತೋ ಎಂದು ತಿಳಿಯದೆ ನನಗೆ ಇರಲಾಗಲಿಲ್ಲ. ಇಷ್ಟು ದಿನ ಮನುಷ್ಯರ ಮೇಲಿದ್ದ ಅನುಮಾನ ಮೊದಲ ಸಲ ಕಾಗದದ ಮೇಲೆ ತಿರುಗಿತ್ತು.

ಇನ್ನೊಂದು ಪಟ್ಟಿ ಇತ್ತು. ಸೈನ್ಯದವರ ಗೋರಿಗಳ ಪಟ್ಟಿ. ಯುದ್ಧದ ನಂತರ ಕಾಡುಮೇಡಿನ ಗೋರಿಗಳನ್ನು ಹುಡುಕಿ, ಯಾರದು ಎಲ್ಲಿದೆ ಎಂದು ನಕಾಶೆಯ ಚೌಕದ ಸಂಖ್ಯೆ ಸಹಿತ ಬರೆಯುತ್ತಿದ್ದರು. ನಮ್ಮ ಕೆಲಸಕ್ಕೆ ಅದು ಬೇಕಾಗುತ್ತಿರಲಿಲ್ಲ. ಬೇರೆ ಕಚೇರಿಯಿಂದ ತರಿಸಲು ಮೂರು ದಿನ ಹಿಡಿಯಿತು. ಕ್ಯಾಪ್ಟನ್ನನ ಗೋರಿಯ ಚೌಕ ಸಿಕ್ಕಿತು. ತಾರೀಖು ಇರಲಿಲ್ಲ. ಅರಕಾನದ ನಕಾಶೆ ಕೇಳಿ ತಂದು, ಹೊಂಚು ನಡೆದ ಹಳ್ಳದ ಮೇಲೆ ಒಂದು ಗುಂಡುಸೂಜಿ ಚುಚ್ಚಿದೆ, ಗೋರಿಯ ಮೇಲೆ ಇನ್ನೊಂದು. ಎರಡರ ನಡುವೆ ಒಂದು ನದಿ, ಒಂದು ಗುಡ್ಡದ ಸಾಲು. ಗೋರಿ ಇದ್ದದ್ದು ನಮ್ಮ ಸೈನ್ಯದ ಹಿಂಬದಿಯಲ್ಲಿ, ಗಾಯಾಳುಗಳ ಡೇರೆ ಇದ್ದ ಹಳ್ಳಿಯಲ್ಲಿ. ಅದೇ ಗಸ್ತಿನ ಉಳಿದ ಆರು ಜನರ ಗೋರಿಗಳು ಮಾತ್ರ ಹಳ್ಳದ ದಂಡೆಯಲ್ಲೇ ಇದ್ದವು. ಸತ್ತ ಮೇಲೆ ಕ್ಯಾಪ್ಟನ್ ಒಬ್ಬನೇ ನದಿ ದಾಟಿ ಬರಲು ಸಾಧ್ಯವಿಲ್ಲ. ಪಟ್ಟಿ ಬರೆದವರು ಗಸ್ತಿಗೆ ಹೋಗಿ ಬಾರದವರನ್ನೆಲ್ಲ ಒಂದೇ ದಿನಕ್ಕೆ ಸೇರಿಸಿ ಬರೆದುಬಿಟ್ಟಿದ್ದರು.

ಹೊಸ ಟಿಪ್ಪಣಿ ಬರೆದೆ. ಮೊದಲಿನದು ತಪ್ಪು, ಆ ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ಹವಾಲ್ದಾರನ ಹೇಳಿಕೆಯನ್ನು ಪೂರ್ತಿ ಲಗತ್ತಿಸಿದೆ, ದ್ರೋಹದ ಮಾತೂ ಸೇರಿ.

ಸಾಹೇಬರು ಹೊಸ ಟಿಪ್ಪಣಿಯನ್ನು ಹಳೆಯದರ ಪಕ್ಕ ಇಟ್ಟು ಓದಿದರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: “ಹತ್ತು ದಿನದ ಹಿಂದೆ ಖೋಟಿ ಎಂದವನು ನೀನೇ. ಈ ನಡುವೆ ನಿನ್ನನ್ನು ಯಾರು ಬಂದು ಕಂಡರು?”

ಯಾರೂ ಇಲ್ಲ ಎಂದೆ. ನನ್ನ ಮಾತಿನಲ್ಲಿ ಅವರಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಆ ಮಧ್ಯಾಹ್ನ ನನ್ನ ಮೇಜಿನ ಖಾನೆಗಳನ್ನು ತೆಗೆಸಿ ನೋಡಿದರು. ಫೈಲುಗಳನ್ನು ಬೇರೆಯವರಿಗೆ ಕೊಟ್ಟರು. ನಾನು ಯೆರವಡಾ ಕಡೆ ಹೋಗಿದ್ದೆನೇ, ಸ್ಟೇಷನ್ ಹತ್ತಿರದ ಓಣಿಯಲ್ಲಿ ಯಾರ ಪರಿಚಯವಾದರೂ ಇದೆಯೇ ಎಂದು ಹೆಡ್‌ಕ್ಲಾರ್ಕರಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡರು. ನಾಲ್ಕು ದಿನ ಕೆಲಸವಿಲ್ಲದೆ ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದೆ. ಹೋಗಿಬರುವವರೆಲ್ಲ ನನ್ನತ್ತ ನೋಡಿ ದೃಷ್ಟಿ ತಿರುಗಿಸುತ್ತಿದ್ದರು. ಮೂರನೆಯ ದಿನ ಸಾಹೇಬರು ಎದುರಿಗೆ ಕರೆದು ಪ್ರಶ್ನೆ ಕೇಳುತ್ತಿದ್ದಾಗ ಕೆಳಗೆ ನೋಡಿಕೊಂಡೆ. ನನ್ನ ಎರಡೂ ಕೈ ಅವರ ಮೇಜಿನ ಮೇಲಿದ್ದವು.

ನಕಾಶೆಯನ್ನು ಅವರು ಸ್ವತಃ ನೋಡಿದರೆಂದು ಆಮೇಲೆ ತಿಳಿಯಿತು. ಐದನೆಯ ದಿನ ಬೆಳಿಗ್ಗೆ, “ಇಬ್ಬರನ್ನೂ ಎದುರುಬದುರು ನಿಲ್ಲಿಸೋಣ,” ಎಂದರು. ಹವಾಲ್ದಾರನನ್ನು ಸೈನ್ಯದ ಟ್ರಕ್ಕಿನಲ್ಲಿ ಯೆರವಡಾಕ್ಕೆ ತಂದರು. ಜೈಲಿನ ಕಚೇರಿಯ ಕೋಣೆಯಲ್ಲಿ ಸಾಹೇಬರು, ಹೇಳಿಕೆ ಬರೆದುಕೊಳ್ಳಲು ಹೆಡ್‌ಕ್ಲಾರ್ಕರು, ನಾನು. ದುಭಾಷಿಯನ್ನು ಕರೆತಂದರು. ಕೃಶನಾಗಿದ್ದ. ಹವಾಲ್ದಾರನನ್ನು ಕಂಡ ತಕ್ಷಣ ಅವನ ದೃಷ್ಟಿ ಊರುಗೋಲಿನ ಮೇಲೆ ಬಿತ್ತು, ಅಲ್ಲಿಂದ ಮಡಿಚಿ ಪಿನ್ನು ಹಾಕಿದ್ದ ಪ್ಯಾಂಟಿನ ಕಾಲಿಗೆ. ಹವಾಲ್ದಾರ ಗೋಡೆಯತ್ತ ಮುಖ ತಿರುಗಿಸಿದ.

ಹವಾಲ್ದಾರ ತನ್ನ ಮಾತನ್ನು ಹಿಂದುಸ್ತಾನಿಯಲ್ಲಿ ಮತ್ತೆ ಹೇಳಿದ. ಒಂದಕ್ಷರ ಬದಲಿಸಲಿಲ್ಲ. ಸಾಹೇಬರು ದುಭಾಷಿಯನ್ನು ಕೇಳಿದರು: “ಏಕೆ ವಾಪಸು ಹೋಗಲಿಲ್ಲ?”

“ಕೈ ಕಟ್ಟಿದ್ದರು.”

“ಯಾರು?”

“ನಮ್ಮವರು.”

ಒಂದೊಂದೇ ಪ್ರಶ್ನೆ ಕೇಳಿ ಕೇಳಿ ಹೊರಗೆ ತೆಗೆಯಬೇಕಾಯಿತು. ರಾತ್ರಿಯಿಡೀ ಕ್ಯಾಪ್ಟನ್ನನನ್ನು ಹೊತ್ತು, ನದಿಯನ್ನು ಎದೆಮಟ್ಟದ ನೀರಿನಲ್ಲಿ ದಾಟಿ, ಬೆಳಗಿನ ಜಾವ ಪಂಜಾಬಿ ಪಲಟಣದ ಕಾವಲಿನ ಹತ್ತಿರ ಬಂದಿದ್ದ. ಲುಂಗಿ ಉಟ್ಟ ಬರ್ಮಾದ ಮನುಷ್ಯ, ಕೈಯಲ್ಲಿ ಯಾವ ಕಾಗದವೂ ಇಲ್ಲ. ಕ್ಯಾಪ್ಟನ್ನನಿಗೆ ಎಚ್ಚರ ತಪ್ಪಿತ್ತು. ಕಾವಲಿನವರು ಇವನನ್ನು ಶತ್ರುಗಳ ಕಡೆಯವನೆಂದು ಹಿಡಿದು ಮರಕ್ಕೆ ಕಟ್ಟಿದರು. ಮಧ್ಯಾಹ್ನ ಕ್ಯಾಪ್ಟನ್ನನಿಗೆ ಎಚ್ಚರವಾದಾಗ, ಬಿಡಿಸುವುದಕ್ಕೆಂದೇ ಆ ಚೀಟಿ ಬರೆದುಕೊಟ್ಟ. ಆದರೂ ಇವನನ್ನು ಹಳ್ಳಕ್ಕೆ ವಾಪಸು ಬಿಡಲಿಲ್ಲ. ಡೋಲಿಯವರನ್ನು ಕರೆದುಕೊಂಡು ಹೋಗಿ ಮತ್ತೊಂದು ಹೊಂಚಿಗೆ ಸಿಕ್ಕಿಸಿದರೆ ಎಂಬ ಭಯ ಅವರಿಗೆ.

“ಹಾಗಾದರೆ ಏನು ಮಾಡಿದೆ?”

“ಆ ಪಲಟಣದ ಜಮಾದಾರರಿಗೆ ಜಾಗ ಹೇಳಿದೆ. ನೆಲದ ಮೇಲೆ ಕಾಲಿನಿಂದ ಗೆರೆ ಎಳೆದು ತೋರಿಸಿದೆ. ಒಂದು ಮಾತು ಹೇಳಿಕೊಟ್ಟೆ. ಸುಮ್ಮನೆ ಹತ್ತಿರ ಹೋಗಬೇಡಿ, ಅವರ ಹತ್ತಿರ ಬಂದೂಕು ಇದೆ, ಗುಂಡು ಹಾರಿಸುತ್ತಾರೆ. ದೂರದಿಂದಲೇ ಮಾಸ್ಟರ್‌ಜೀ ಎಂದು ಕೂಗಿ ಎಂದೆ.”

ಹವಾಲ್ದಾರ ಗೋಡೆಯಿಂದ ಮುಖ ತಿರುಗಿಸಿದ. ಮಾತಾಡತೊಡಗಿದ, ಆದರೆ ಬಂದದ್ದು ಕನ್ನಡ. ಸಾಹೇಬರು ನನ್ನತ್ತ ನೋಡಿದರು. ನಾನು ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿಗೆ ದಾಟಿಸುತ್ತ ಹೋದೆ.

“ಕಂಪನಿ ಹುಡುಗರ ಪತ್ರ ನಾನಽ ಓದತಿದ್ದೆ ರೀ, ನಾನಽ ಬರದು ಕೊಡತಿದ್ದೆ. ಅದಕ್ಕ ಮಾಸ್ತರ ಅಂತಿದ್ರು. ನಮ್ಮ ಕಂಪನಿ ಬಿಟ್ಟು ಹೊರಗ ಒಬ್ಬರಿಗೂ ಗೊತ್ತಿಲ್ಲ. ಬಂದೂಕಿನಾಗ ಎರಡು ಗುಂಡು ಉಳದಿದ್ವು. ಮ್ಯಾಲೆ ಹೆಜ್ಜಿ ಸಪ್ಪಳ ಕೇಳಿ ಗುರಿ ಹಿಡದಿದ್ದೆ. ಮಾಸ್ಟರ್‌ಜೀ ಅಂತ ಕೂಗಿದ್ರು, ಬಂದೂಕು ಇಳಿಸಿದೆ. ಆ ಪಂಜಾಬಿ ಮಂದಿಗೆ ನನ್ನ ಹೆಸರು ಯಾರು ಹೇಳಿದ್ರು ಅಂತ ಇವತ್ತಿನ ತನಕಾ ತಿಳೀಲಿಲ್ರಿ. ದೇವರು ಹೇಳಿಸಿದಾ ಅಂತ ಊರಾಗ ಎಲ್ಲಾರ ಮುಂದೂ ಹೇಳಕೋತ ಬಂದೀನಿ.”

ಹೆಡ್‌ಕ್ಲಾರ್ಕರ ಪೆನ್ನು ನಿಂತಿತ್ತು. ಹವಾಲ್ದಾರ ದುಭಾಷಿಯ ಹತ್ತಿರ ಹೋಗಲಿಲ್ಲ, ಕೈ ಮುಗಿಯಲಿಲ್ಲ. ತನ್ನ ಹೇಳಿಕೆಯ ಹಾಳೆ ಕೊಡಲು ಕೇಳಿದ. ದ್ರೋಹದ ಮಾತಿದ್ದ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮತ್ತೊಮ್ಮೆ ಸಹಿ ಹಾಕಿ ವಾಪಸು ಕೊಟ್ಟ.

ಸಾಹೇಬರು ನನ್ನ ಮೊದಲಿನ ಟಿಪ್ಪಣಿಯನ್ನು ತಾವೇ ಹೊಡೆದುಹಾಕಿದರು. ನನ್ನ ಕ್ಷಮೆ ಕೇಳಲಿಲ್ಲ. ಫೈಲುಗಳನ್ನು ಮಾತ್ರ ವಾಪಸು ಕೊಡಿಸಿದರು. ದುಭಾಷಿಗೆ, ಇಂಥ ಪಲಟಣದಲ್ಲಿ ಕೆಲಸ ಮಾಡಿದ್ದು ಖರೆ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೆ ಅದಕ್ಕೆ ಮುಂದೆ ಯಾವ ನಿಯಮವೂ ಇರಲಿಲ್ಲ. ಹೆಬ್ಬೆಟ್ಟು ಒತ್ತದವನು ಸಿಪಾಯಿ ಅಲ್ಲ. ಸಿಪಾಯಿ ಅಲ್ಲದವನು ನಿವೃತ್ತ ಸಿಪಾಯಿಯೂ ಅಲ್ಲ. ಖಾಯಂ ಆಗಿ ನೆಲೆಸಲು ಅಪ್ಪಣೆ ಕೊಡಬೇಕೆಂದು ನಾನು ಬರೆದ ಪತ್ರಗಳು ಮೇಲಕ್ಕೆ ಹೋದವು, ಪ್ರಶ್ನೆ ಹೊತ್ತು ಕೆಳಕ್ಕೆ ಬಂದವು. ಅಷ್ಟರಲ್ಲಿ ಒಂದು ಸರ್ಕಾರ ಹೊರಡಲು ಗಂಟುಮೂಟೆ ಕಟ್ಟುತ್ತಿತ್ತು. ಇದು ಮುಂದೆ ಬರುವವರು ನಿರ್ಧರಿಸುವ ವಿಷಯ ಎಂದಿತು. ಬಂದವರು, ಇದು ಹೋದವರ ಯುದ್ಧದ ಬಾಕಿ ಎಂದರು. ಹವಾಲ್ದಾರನಿಗೆ ಎರಡೂ ಸರ್ಕಾರದ ಪಟ್ಟಿಯಲ್ಲಿ ಹೆಸರಿತ್ತು, ಒಂದು ನಂಬರಿತ್ತು. ಅದೇ ಹಳ್ಳದಲ್ಲಿ ಅವನ ಪಕ್ಕ ಮಲಗಿದ್ದವನಿಗೆ ಏನೂ ಇರಲಿಲ್ಲ. ನಾನು ಆ ಮಾತನ್ನು ಒಂದು ಪತ್ರದಲ್ಲಿ ಬರೆದೆ. ಇಂಥದ್ದು ಸರ್ಕಾರಿ ಪತ್ರದಲ್ಲಿ ಬೇಡ ಎಂದು ಹೆಡ್‌ಕ್ಲಾರ್ಕರು ಹೊಡೆದುಹಾಕಿದರು. ಅವರು ಹೇಳಿದ್ದು ಸರಿ ಎಂದು ಆಗ ನನಗೂ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಕೊನೆಗೆ ಬಂದದ್ದು ಒಂದೇ ಸಾಲು: ಮುಂದಿನ ಆದೇಶದವರೆಗೆ ಇರಬಹುದು. ಷರತ್ತು, ಪ್ರತಿ ತಿಂಗಳು ಒಂದನೇ ತಾರೀಖು ಪೊಲೀಸ್ ಚೌಕಿಗೆ ಹೋಗಿ ಹಾಜರಿ ಕೊಡಬೇಕು. ಗುರುತು ಹೇಳಲು ಇಲ್ಲಿಯವರೊಬ್ಬರನ್ನು ಜೊತೆಗೆ ಕರೆತರಬೇಕು. ದುಭಾಷಿಗೆ ದೇಹೂ ರೋಡಿನ ಸೈನ್ಯದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಸಿಕ್ಕಿತು. ಖಡಕಿ ಬಜಾರಿನಲ್ಲಿ ಒಂದು ಖೋಲಿ ಹಿಡಿದ. ಶಾಲೆ ಮುಗಿಸಿದ ಹವಾಲ್ದಾರ ಅದೇ ಬಜಾರಿನಲ್ಲಿ ಬೆತ್ತದ ಅಂಗಡಿ ಹಾಕಿದ. ಅವರಿಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಆದರೆ ಒಂದನೇ ತಾರೀಖು ಬೆಳಿಗ್ಗೆ ಹವಾಲ್ದಾರ ಅಂಗಡಿ ತೆರೆಯುತ್ತಿರಲಿಲ್ಲ. ಊರುಗೋಲು ಊರಿಕೊಂಡು ಚೌಕಿಯ ಮೆಟ್ಟಿಲು ಹತ್ತುತ್ತಿದ್ದ.

ಬಾವುಟ ಬದಲಾದ ಮರುವರ್ಷ, ನಮ್ಮ ವಿಭಾಗ ಮುಚ್ಚಿ ನಾನು ಬೇರೆ ಕಚೇರಿ ಸೇರಿದ್ದೆ. ಒಂದು ಬೆಳಿಗ್ಗೆ ನಾರಾಯಣ ಪೇಟೆಯ ನಮ್ಮ ವಾಡೆಯ ಬಾಗಿಲಲ್ಲಿ ದುಭಾಷಿ ನಿಂತಿದ್ದ. ನನ್ನ ಹೆಂಡತಿ ಒಳಗೆ ಬರಲು ಹೇಳಿದರೂ ಬರಲಿಲ್ಲ.

“ಇವತ್ತು ಒಂದನೇ ತಾರೀಖು. ಮಾಸ್ಟರ್‌ಜೀ ಊರಿಗೆ ಹೋಗಿದ್ದಾರೆ, ತಾಯಿಗೆ ಮೈಯಲ್ಲಿ ಹುಷಾರಿಲ್ಲ. ನಿಮ್ಮನ್ನು ಕೇಳು ಅಂದರು.”

ಅಂಗಿ ಹಾಕಿಕೊಂಡು ಹೊರಟೆ. ಚೌಕಿಯಲ್ಲಿ ಪೊಲೀಸ್ ಜಮಾದಾರ ದಪ್ಪ ರಿಜಿಸ್ಟರು ನನ್ನತ್ತ ತಿರುಗಿಸಿ ಮರಾಠಿಯಲ್ಲಿ, ಇವನು ನಿಮಗೆ ಹೇಗೆ ಗೊತ್ತು, ಇಲ್ಲಿ ಬರೆಯಿರಿ ಎಂದ. ಮೇಲಿನ ಸಾಲುಗಳಲ್ಲೆಲ್ಲ ಹವಾಲ್ದಾರನ ಮೋಡಿ ಅಕ್ಷರ: ಯುದ್ಧದಲ್ಲಿ ಜೊತೆಗಿದ್ದವ. ನಾನು ಹಾಗೆ ಬರೆಯುವಂತಿರಲಿಲ್ಲ. ಸ್ವಲ್ಪ ಯೋಚಿಸಿ ಮರಾಠಿಯಲ್ಲಿ ಬರೆದೆ. ಜಮಾದಾರ ಓದುವ ಗೋಜಿಗೆ ಹೋಗದೆ ಮೊಹರು ಒತ್ತಿದ.

ಹೊರಗೆ ಬಂದ ಮೇಲೆ, ಏನು ಬರೆದಿರಿ ಎಂದು ದುಭಾಷಿ ಕೇಳಿದ. ಬರೆದದ್ದನ್ನು ಹಾಗೆಯೇ ಹಿಂದುಸ್ತಾನಿಯಲ್ಲಿ ಹೇಳಿದೆ: “ಇವರು ಯುದ್ಧದಲ್ಲಿ ನಮ್ಮ ಸೈನ್ಯಕ್ಕೆ ದುಭಾಷಿಯಾಗಿದ್ದರು. ಇವರ ಕಾಗದ ಸುಳ್ಳು ಎಂದು ನಾನು ತಪ್ಪು ಟಿಪ್ಪಣಿ ಬರೆದದ್ದರಿಂದ ಎರಡು ವಾರ ಜೈಲಿನಲ್ಲಿದ್ದರು. ಹಾಗಾಗಿ ನನಗೆ ಗೊತ್ತು.”

ಆತ ಪೂರ್ತಿ ಕೇಳಿಸಿಕೊಂಡ. “ಎರಡು ವಾರ ಅಲ್ಲ,” ಎಂದ. “ಇಪ್ಪತ್ತಾರು ದಿನ.”

ನಾನು ಮೆಟ್ಟಿಲು ಹತ್ತಿ ಒಳಗೆ ಹೋಗಿ ಜಮಾದಾರನ ಹತ್ತಿರ ರಿಜಿಸ್ಟರು ಮತ್ತೆ ಕೇಳಿದೆ.